ಅಪ್‌ಡೇಟ್: ಮದುವೆಗೆ ಮುಂಚಿನ ಮನೆ, ಪಾಲಿನ ಲೆಕ್ಕ

ಮದುವೆಗೆ ಮುಂಚೆ ಒಬ್ಬರೇ ಕೊಂಡ ಮನೆಯ ಸಾಲವನ್ನು ಆಮೇಲೆ ಇಬ್ಬರ ದುಡಿಮೆಯಿಂದ ಕಟ್ಟಿದ್ದರೆ, ವಿಚ್ಛೇದನದಲ್ಲಿ ಯಾರಿಗೆಷ್ಟು ಎಂದು ಕೇಳಿದ್ದೆ. ಕಾನೂನು ಒಂದೊಂದು ಕಡೆ ಒಂದೊಂದು ಥರ. ನಾನು ಕೇಳಿದ ಪ್ರಕರಣಕ್ಕೆ ಅನ್ವಯಿಸಿದ್ದು ಅಸಲಿನ ಅನುಪಾತದ ಪದ್ಧತಿ: ಮದುವೆಯ ನಂತರ ತೀರಿದ ಅಸಲು ಕೊಂಡ ಬೆಲೆಯ ಎಷ್ಟು ಭಾಗವೋ, ಆಮೇಲೆ ಏರಿದ ಬೆಲೆಯಲ್ಲೂ ಅಷ್ಟು ಭಾಗ ಇಬ್ಬರದು.

ಕೊಂಡ ಬೆಲೆ 100, ಮದುವೆ ದಿನದ ಬೆಲೆ 120, ಈಗಿನದು 180 ಎಂದಿಟ್ಟುಕೊಳ್ಳಿ. ಮದುವೆಯ ನಂತರ ತೀರಿದ ಅಸಲು 30, ಅಂದರೆ ಕೊಂಡ ಬೆಲೆಯ ಶೇ. 30. ಆ ಅವಧಿಯಲ್ಲಿ ಏರಿದ 60ರಲ್ಲಿ ಶೇ. 30 ಎಂದರೆ 18. ಎರಡೂ ಕೂಡಿ 48 ಜಂಟಿ ಪಾಲು, ತಲಾ 24. ಈಗಿನ 180ರಲ್ಲಿ ಈ 48 ಮತ್ತು ಬಾಕಿ ಸಾಲ ಕಳೆದು ಉಳಿದದ್ದು ಕೊಂಡವರದು.

ಎಡವುವುದು ಅಸಲಿನ ಲೆಕ್ಕದಲ್ಲೇ. ಇಡೀ ಕಂತನ್ನು ಸೇರಿಸಬೇಡಿ. ಮೊದಲ ವರ್ಷಗಳ ಕಂತಿನಲ್ಲಿ ಹೆಚ್ಚಿನದು ಬರೀ ಬಡ್ಡಿ. ಮದುವೆ ದಿನದ ಸಾಲದ ಬಾಕಿ ಪತ್ರವನ್ನು ಬ್ಯಾಂಕಿನಿಂದ ಪಡೆಯಿರಿ, ಅದೇ ದಿನಾಂಕದ ಬೆಲೆಗೆ ಮೌಲ್ಯಮಾಪಕರಿಂದ ವರದಿ ಮಾಡಿಸಿ.