ಫೆಡರಲಿಸ್ಟ್ ಪಕ್ಷ ಯಾಕೆ ಉಳಿಯಲಿಲ್ಲ?

ಪ್ರಶ್ನೆ: ನಮಸ್ಕಾರ ಮೇಡಂ. ಅಮೆರಿಕದಲ್ಲಿ ಬಲವಾದ ಕೇಂದ್ರ ಸರ್ಕಾರ ಬೇಕು ಅಂತ ನಿಂತಿದ್ದು ಫೆಡರಲಿಸ್ಟ್ ಪಕ್ಷ. ಶುರುವಿನಲ್ಲಿ ಅಷ್ಟೊಂದು ಕೆಲಸ ಮಾಡಿದವರು 1800ರಲ್ಲಿ ಸೋತ ಮೇಲೆ ಮತ್ತೆ ಅಧ್ಯಕ್ಷ ಪದವಿಗೆ ಬರಲೇ ಇಲ್ಲ. ಯಾಕೆ?

ಉತ್ತರ (ಇತಿಹಾಸ ಉಪನ್ಯಾಸಕಿ): ಕೆಲಸ ಮಾಡಿದ್ದು ನಿಜ. ಸ್ವಾತಂತ್ರ್ಯ ಯುದ್ಧಕ್ಕೆ ರಾಜ್ಯಗಳು ಮಾಡಿದ್ದ ಸಾಲವನ್ನು 1790ರಲ್ಲಿ ಕೇಂದ್ರವೇ ಹೊತ್ತುಕೊಂಡಿತು. ಮರುವರ್ಷ ರಾಷ್ಟ್ರೀಯ ಬ್ಯಾಂಕಿಗೆ ಒಪ್ಪಿಗೆ ಸಿಕ್ಕಿತು. ಎರಡರ ಹಿಂದೆಯೂ ಇದ್ದವನು ಹಣಕಾಸು ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್.

ಪಕ್ಷ ಕೆಟ್ಟಿದ್ದು 1798ರಲ್ಲಿ. ಫ್ರಾನ್ಸ್ ಜೊತೆ ಯುದ್ಧದ ಭಯವಿತ್ತು. ಆ ಭಯದಲ್ಲಿ ರಾಜದ್ರೋಹ ಕಾಯ್ದೆ ತಂದರು. ಸರ್ಕಾರ, ಸಂಸತ್ತು ಅಥವಾ ಅಧ್ಯಕ್ಷನ ಬಗ್ಗೆ ಸುಳ್ಳು, ದುರುದ್ದೇಶದ ಬರಹ ಬರೆದರೆ ದಂಡ, ಜೈಲು. ಆದರೆ ಉಪಾಧ್ಯಕ್ಷನಿಗೆ ಈ ರಕ್ಷಣೆ ಇರಲಿಲ್ಲ! ಆಗ ಉಪಾಧ್ಯಕ್ಷನಾಗಿದ್ದವನು ವಿರೋಧಿ ನಾಯಕ ಜೆಫರ್‌ಸನ್. ಕಾಯ್ದೆಯ ಅವಧಿ ಮುಗಿಯುವುದು 1801ರ ಮಾರ್ಚ್ 3ಕ್ಕೆ, ಅಂದರೆ ಅಧ್ಯಕ್ಷ ಜಾನ್ ಆಡಮ್ಸ್‌ನ ಅವಧಿ ಮುಗಿಯುವಾಗಲೇ. ಜನರಿಗೆ ಉದ್ದೇಶ ಅರ್ಥವಾಗದೇ ಇರುತ್ತಾ? ವರ್ಮಾಂಟ್‌ನ ಸಂಸದ ಮ್ಯಾಥ್ಯೂ ಲಯನ್‌ನನ್ನು ಜೈಲಿಗೆ ಹಾಕಿದರು. ಅವನು ಒಳಗಿದ್ದುಕೊಂಡೇ ಮತ್ತೆ ಗೆದ್ದ. ನನ್ನ ಮಟ್ಟಿಗೆ ಪಕ್ಷದ ಸೋಲು ಅಲ್ಲೇ ಬರೆದಾಗಿತ್ತು. ಸಾಲದ್ದಕ್ಕೆ, 1800ರ ಚುನಾವಣೆ ಹೊತ್ತಿಗೆ ಹ್ಯಾಮಿಲ್ಟನ್ ತನ್ನದೇ ಪಕ್ಷದ ಆಡಮ್ಸ್ ವಿರುದ್ಧ ಕಿರುಹೊತ್ತಿಗೆ ಬರೆದ. ಜೆಫರ್‌ಸನ್‌ಗೆ 73 ಎಲೆಕ್ಟರ್ ಮತ (ಅಧ್ಯಕ್ಷನನ್ನು ಆರಿಸಲು ರಾಜ್ಯಗಳು ನೇಮಿಸಿದವರ ಮತ), ಆಡಮ್ಸ್‌ಗೆ 65.

ಇನ್ನೊಬ್ಬರ ಪ್ರಶ್ನೆ: ಒಂದು ಸೋಲಿಗೇ ಪಕ್ಷ ಮುಗಿದುಹೋಗುತ್ತಾ ಮೇಡಂ?

ಉತ್ತರ: ಇಲ್ಲ, ಅಮೆರಿಕದ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡ್ ರಾಜ್ಯಗಳ ಕಡೆ ಇನ್ನೂ ಗಟ್ಟಿಯಾಗಿತ್ತು. ಆದರೆ 1812ರಲ್ಲಿ ಬ್ರಿಟನ್ ಜೊತೆ ಯುದ್ಧ ಶುರುವಾಗಿ ಅಲ್ಲಿನ ವ್ಯಾಪಾರಕ್ಕೆ ಪೆಟ್ಟು ಬಿತ್ತು. 1814ರ ಡಿಸೆಂಬರ್‌ನಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಲ್ಲಿನ ಫೆಡರಲಿಸ್ಟರು ಬಾಗಿಲು ಹಾಕಿಕೊಂಡು ಸಭೆ ಮಾಡಿದರು. ಯುದ್ಧ ಸಾರಲು ಸಂಸತ್ತಿನ ಮೂರನೇ ಎರಡರಷ್ಟು ಮತ ಬೇಕು ಎಂದರು. ಕೇಂದ್ರ ಬಲವಾಗಿರಲಿ ಎಂದವರೇ ಅದರ ಕೈ ಕಟ್ಟಲು ಹೊರಟಿದ್ದರು. ನನಗೆ ಬೇಸರ ತರಿಸುವ ಭಾಗ ಇದು. ಅವರ ಪ್ರತಿನಿಧಿಗಳು ವಾಷಿಂಗ್ಟನ್ ತಲುಪುವ ಹೊತ್ತಿಗೆ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷರ ಮೇಲೆ ಅಮೆರಿಕ ಗೆದ್ದ ಸುದ್ದಿ, ಹಿಂದೆಯೇ ಶಾಂತಿ ಒಪ್ಪಂದದ ಸುದ್ದಿ ಬಂತು. ದೇಶದ್ರೋಹಿಗಳು ಎಂಬ ಹೆಸರು ಅಂಟಿಕೊಂಡಿತು. 1816ರ ಅಧ್ಯಕ್ಷ ಚುನಾವಣೆಯಲ್ಲಿ ಪಕ್ಷದ ರೂಫಸ್ ಕಿಂಗ್‌ಗೆ ಬರೀ 34 ಎಲೆಕ್ಟರ್ ಮತ.

ಪಕ್ಷ ಹೋದರೂ ಆಡಮ್ಸ್ ನೇಮಿಸಿದ್ದ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ 1801ರಿಂದ 1835ರವರೆಗೆ ಕೋರ್ಟಿನಲ್ಲಿದ್ದ. ರಾಷ್ಟ್ರೀಯ ಬ್ಯಾಂಕ್ ಸಂವಿಧಾನಬದ್ಧ, ರಾಜ್ಯಗಳು ಅದರ ಮೇಲೆ ತೆರಿಗೆ ಹಾಕುವಂತಿಲ್ಲ ಎಂದು 1819ರಲ್ಲಿ ತೀರ್ಪು ಕೊಟ್ಟ. ಅದನ್ನೂ ಹ್ಯಾಮಿಲ್ಟನ್ 1791ರಲ್ಲಿ ಬ್ಯಾಂಕಿನ ಪರ ಬರೆದ ಅಭಿಪ್ರಾಯವನ್ನೂ ಜೊತೆಗಿಟ್ಟು ಓದಿ. ವಾದ ಹೆಚ್ಚುಕಮ್ಮಿ ಒಂದೇ.