ಲೊಕೇಶನ್ ‘ಬಳಸುವಾಗ ಮಾತ್ರ’ ಅಂತ ಇಟ್ಟರೂ ರಾತ್ರಿಯೆಲ್ಲ ಬ್ಯಾಟರಿ ಸೋರುತ್ತಿದೆ

ಅರ್ಧಚಾರ್ಜ್: ತಲೆ ಕೆಟ್ಟು ಹೋಗಿದೆ. ಮಲಗುವಾಗ 80 ಇದ್ದ ಚಾರ್ಜ್ ಬೆಳಿಗ್ಗೆ 45. ಮಧ್ಯೆ ಫೋನ್ ಮುಟ್ಟಿಯೇ ಇಲ್ಲ. ಎಲ್ಲಾ ಆ್ಯಪ್‌ಗಳ ಲೊಕೇಶನ್ ಪರ್ಮಿಶನ್ ‘ಬಳಸುವಾಗ ಮಾತ್ರ’ ಅಂತ ಇಟ್ಟಿದ್ದೇನೆ. ಬ್ಯಾಟರಿ ಪಟ್ಟಿಯಲ್ಲಿ ಪ್ಲೇ ಸರ್ವೀಸಸ್ (ಹಿನ್ನೆಲೆಯಲ್ಲಿ ಓಡುವ ಗೂಗಲ್‌ನ ಆ್ಯಪ್) ಎಲ್ಲಕ್ಕಿಂತ ಮೇಲೆ ಕೂತಿದೆ. ಏನು ಮಾಡಲಿ?

ಲಾಗ್‌ನೋಡಿ: ಯಾವ ಫೋನ್? ಯಾವ ಆಂಡ್ರಾಯ್ಡ್?

ಸಿಗ್ನಲ್‌ಪ್ರಿಯ: ಇದು ಸ್ಕ್ಯಾನಿಂಗ್ ಕೆಲಸ, ಕಣ್ಣು ಮುಚ್ಚಿ ಹೇಳುತ್ತೇನೆ. ವೈಫೈ ಆಫ್ ಮಾಡಿದರೂ ಜಾಗ ಗುರುತಿಸಲು ಫೋನ್ ಹಿನ್ನೆಲೆಯಲ್ಲಿ ಸುತ್ತಲಿನ ಸಿಗ್ನಲ್‌ಗಳನ್ನು ಸ್ಕ್ಯಾನ್ ಮಾಡುತ್ತಲೇ ಇರುತ್ತದೆ. ಲೊಕೇಶನ್ ಸೆಟ್ಟಿಂಗ್ಸ್ ಒಳಗೆ ಲೊಕೇಶನ್ ಸರ್ವೀಸಸ್ ಇದೆ. ಅಲ್ಲಿ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಎರಡೂ ಆಫ್ ಮಾಡಿ, ರೀಸ್ಟಾರ್ಟ್ ಮಾಡಿ.

ಲಾಗ್‌ನೋಡಿ: ಪ್ಲೇ ಸರ್ವೀಸಸ್‌ನ ಬೈದು ಪ್ರಯೋಜನ ಇಲ್ಲ. ಜಾಸ್ತಿ ಆ್ಯಪ್‌ಗಳು ಲೊಕೇಶನ್ ಕೇಳುವುದೇ ಅದರ ಮೂಲಕ. ಊಟ ಯಾರದ್ದೋ, ಬಿಲ್ ಅದರ ಹೆಸರಿಗೆ. ಕೇಳುತ್ತಿರುವುದು ಯಾರು ಅಂತ ಹುಡುಕಬೇಕು. ಆಂಡ್ರಾಯ್ಡ್ ಯಾವುದು ಹೇಳಿ ಸರ್.

ಅರ್ಧಚಾರ್ಜ್: ಹೊಸ ಫೋನೇ. ಸ್ಕ್ಯಾನಿಂಗ್ ಎರಡೂ ಆಫ್ ಮಾಡಿದೆ. ರೀಸ್ಟಾರ್ಟ್ ಮಾಡಿದ ರಾತ್ರಿ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ.

ಸಿಗ್ನಲ್‌ಪ್ರಿಯ: ನೋಡಿದ್ರಾ? ಒಂದು ರಾತ್ರಿ ಸರಿಯಾಯಿತು ಅಂದರೆ ಸ್ಕ್ಯಾನಿಂಗೇ. ಯಾವುದೋ ಅಪ್‌ಡೇಟ್ ಮತ್ತೆ ಆನ್ ಮಾಡಿರುತ್ತದೆ. ಇನ್ನೊಮ್ಮೆ ನೋಡಿ.

ಅರ್ಧಚಾರ್ಜ್: ನೋಡಿದೆ. ಆಫ್ ಇದೆ.

ಸಿಗ್ನಲ್‌ಪ್ರಿಯ: ಹಾಗಾದರೆ ನೆಟ್‌ವರ್ಕ್ ಸೆಟ್ಟಿಂಗ್ಸ್ ರೀಸೆಟ್ ಮಾಡಿ.

ಕಪ್ಪುಪರದೆ: ಇಷ್ಟೆಲ್ಲ ಯಾಕೆ? ಮಲಗುವ ಮೊದಲು ತೆರೆದ ಆ್ಯಪ್‌ಗಳನ್ನೆಲ್ಲ ಮೇಲೆ ತಳ್ಳಿ ಮುಚ್ಚಿ. ಡಾರ್ಕ್ ಮೋಡ್ ಹಾಕಿ.

ಲಾಗ್‌ನೋಡಿ: ಸ್ವಾಮಿ, ಪರದೆ ಆಫ್ ಇರುವಾಗ ಡಾರ್ಕ್ ಮೋಡ್ ಏನು ಉಳಿಸುತ್ತೆ? ಅದೂ ಓಎಲ್‌ಇಡಿ (ಕಪ್ಪು ಜಾಗ ಬೆಳಗದ ಪರದೆ) ಆದರೆ ಮಾತ್ರ, ಎಲ್‌ಸಿಡಿಯಲ್ಲಿ ಬ್ಯಾಕ್‌ಲೈಟ್ ಹೇಗಿದ್ದರೂ ಉರಿಯುತ್ತದೆ. ಆ್ಯಪ್‌ಗಳನ್ನು ಸುಮ್ನೆ ಮುಚ್ಚುತ್ತಾ ಇದ್ದರೆ ಪ್ರತಿ ಸಲ ಮೊದಲಿಂದ ತೆರೆಯಬೇಕು, ಅದಕ್ಕೇ ಜಾಸ್ತಿ ಖರ್ಚು.

ಕಪ್ಪುಪರದೆ: ನನ್ನ ಫೋನ್ ಎರಡು ದಿನ ಬರುತ್ತದೆ. ಕಸ್ಟಮ್ ರಾಮ್ (ಫೋನ್ ಕಂಪನಿಯದ್ದಲ್ಲದ, ಬೇರೆಯವರು ಮಾಡಿದ ಆಂಡ್ರಾಯ್ಡ್), ಪ್ಲೇ ಸರ್ವೀಸಸ್ಸೇ ಇಲ್ಲ. ನಿಮ್ಮದು ಎಷ್ಟು ಬರುತ್ತೆ?

ಮೂಲೆಮನೆ: ಎರಡು ದಿನ ಬರುತ್ತೆ, ಪ್ಲೇ ಸರ್ವೀಸಸ್ ಇಲ್ಲದೆ ನೋಟಿಫಿಕೇಶನ್ ಮಾತ್ರ ಬರಲ್ಲ, ಅಲ್ವಾ? 😄

ಲಾಗ್‌ನೋಡಿ: ವಿಷಯಕ್ಕೆ ಬನ್ನಿ. ಆಂಡ್ರಾಯ್ಡ್ 12 ಅಥವಾ ಆಮೇಲಿನದ್ದಾದರೆ ಪ್ರೈವೆಸಿ ಡ್ಯಾಶ್‌ಬೋರ್ಡ್ ಇರುತ್ತದೆ. ಅದರಲ್ಲಿ ಲೊಕೇಶನ್ ಒತ್ತಿ. ಕಳೆದ 24 ಗಂಟೆಯಲ್ಲಿ ಯಾರು ಯಾವಾಗ ತಗೊಂಡರು ಅಂತ ಕಾಣುತ್ತದೆ.

ಅರ್ಧಚಾರ್ಜ್: ಆಂಡ್ರಾಯ್ಡ್ 14. ಒಂದೇ ಆ್ಯಪ್ ಸಂಜೆಯಿಂದ ಬೆಳಿಗ್ಗೆವರೆಗೂ ಇದೆ. ವಾಚ್ ಜೊತೆ ಬಂದ ಆ್ಯಪ್ ಅದು. ವಾಚ್‌ಗೆ ಅದರದ್ದೇ ಬ್ಯಾಟರಿ ಇದೆಯಲ್ಲ, ಅದಕ್ಕೂ ಇದಕ್ಕೂ ಏನು ಸಂಬಂಧ?

ಲಾಗ್‌ನೋಡಿ: ವಾಚ್ ಇದೆ ಅಂತ ಈಗ ಹೇಳುತ್ತಿದ್ದೀರಿ! ಅದರಲ್ಲಿ ಸ್ವಂತ ಜಿಪಿಎಸ್ ಇದೆಯಾ?

ಅರ್ಧಚಾರ್ಜ್: ಇಲ್ಲ. ವಾಕಿಂಗ್ ಶುರು ಮಾಡಿದರೆ ಫೋನ್‌ನಲ್ಲಿ ಒಂದು ನೋಟಿಫಿಕೇಶನ್ ಬರುತ್ತದೆ, ಕಿರಿಕಿರಿ ಅಂತ ಸರಿಸಿಬಿಡುತ್ತೇನೆ.

ಲಾಗ್‌ನೋಡಿ: ಅಲ್ಲೇ ಇದೆ ವಿಷಯ. ಸ್ವಂತ ಜಿಪಿಎಸ್ ಇಲ್ಲದ ವಾಚ್ ಫೋನ್‌ನ ಜಿಪಿಎಸ್ ಸಾಲ ಪಡೆಯುತ್ತದೆ. ಆ್ಯಪ್ ತೆರೆದಿದ್ದಾಗ ಅದರ ಫೋರ್‌ಗ್ರೌಂಡ್ ಸರ್ವೀಸ್ (ನೋಟಿಫಿಕೇಶನ್ ತೋರಿಸಿ, ಆ್ಯಪ್ ಕಾಣದಿದ್ದಾಗಲೂ ಓಡುವ ಕೆಲಸ) ಶುರುವಾಗಿದ್ದರೆ ಪರದೆ ಆರಿದ ಮೇಲೂ ‘ಬಳಸುತ್ತಿದೆ’ ಅಂತಲೇ ಲೆಕ್ಕ. ನಡಿಗೆ ರೆಕಾರ್ಡಿಂಗ್ ನಿಂತಿಲ್ಲ ಅಂದರೆ ಚಿಪ್ ರಾತ್ರಿಯೆಲ್ಲ ದುಡಿಯುತ್ತದೆ. ಗೋಡೆಗಳ ನಡುವೆ ಉಪಗ್ರಹ ಸರಿಯಾಗಿ ಸಿಗಲ್ಲ, ಆದರೂ ಹುಡುಕುತ್ತಲೇ ಇರುತ್ತದೆ. ರೀಸ್ಟಾರ್ಟ್‌ಗೆ ಸರ್ವೀಸ್ ಸಾಯುತ್ತದೆ, ಅದಕ್ಕೇ ಒಂದು ರಾತ್ರಿ ಚೆನ್ನಾಗಿತ್ತು. ಇನ್ನು ಆ ನೋಟಿಫಿಕೇಶನ್: 2022ರಲ್ಲಿ ಬಂದ ಆಂಡ್ರಾಯ್ಡ್ 13ರಿಂದ ಅದನ್ನು ಸರಿಸಬಹುದು, ಆದರೆ ಸರ್ವೀಸ್ ನಿಲ್ಲಲ್ಲ. ಮೇಲಿನಿಂದ ಎರಡು ಸಲ ಎಳೆಯಿರಿ, ಕೆಳಗೆ ಎಷ್ಟು ಆ್ಯಪ್ ಚಾಲೂ ಇವೆ ಅಂತ ಇರುತ್ತದೆ. ಒತ್ತಿ, ಸ್ಟಾಪ್ ಕೊಡಿ.

ಮೂಲೆಮನೆ: ‘ಈ ಬಾರಿ ಮಾತ್ರ’ ಅಂತ ಪರ್ಮಿಶನ್ ಕೊಟ್ಟರೆ ಮುಗಿಯಿತಲ್ಲ?

ಲಾಗ್‌ನೋಡಿ: ಮುಗಿಯಲ್ಲ. ಸರ್ವೀಸ್ ಓಡುತ್ತಿರುವವರೆಗೆ ಅದೂ ಜೀವಂತ. ನಿಖರ ಲೊಕೇಶನ್ ಆಫ್ ಮಾಡಿದರೆ ಅಂದಾಜು ಜಾಗ ಮಾತ್ರ ಸಿಗುತ್ತದೆ. ಹವಾಮಾನದ ಆ್ಯಪ್‌ಗೆ ಅಷ್ಟು ಸಾಕು, ನಡಿಗೆಯ ದಾರಿ ಬರೆಯುವುದಕ್ಕೆ ಸಾಲದು. ವಾಚ್ ಆ್ಯಪ್‌ಗೆ ಲೊಕೇಶನ್ ಪೂರ್ತಿ ಬೇಡ ಅಂದರೂ ಹೆಜ್ಜೆ ಎಣಿಕೆ ನಡೆಯುತ್ತದೆ, ಅದಕ್ಕೆ ಜಿಪಿಎಸ್ ಬೇಕಿಲ್ಲ.

ಅರ್ಧಚಾರ್ಜ್: ಸ್ಟಾಪ್ ಕೊಟ್ಟೆ. ಬೆಳಿಗ್ಗೆ 77 ಇತ್ತು. ಆದರೆ ದಾರಿಯ ನಕ್ಷೆ ನನಗೆ ಬೇಕು. ನಡಿಗೆ ಮುಗಿದ ಮೇಲೆ ತಾನೇ ನಿಲ್ಲುವ ಸೆಟ್ಟಿಂಗ್ ಎಲ್ಲಿದೆ?

ಮೂಲೆಮನೆ: ವಾಚ್ ಯಾವುದು?

ಸಿಗ್ನಲ್‌ಪ್ರಿಯ: ಏನೇ ಆಗಲಿ, ಬ್ಲೂಟೂತ್ ಸ್ಕ್ಯಾನಿಂಗ್ ಮಾತ್ರ ಮತ್ತೆ ಆನ್ ಮಾಡಬೇಡಿ. ಆ ಕೊನೇ 3 ಪರ್ಸೆಂಟ್ ಅದೇ ತಿಂದಿರುವುದು.

ಕಪ್ಪುಪರದೆ: ನನ್ನದು ರಾತ್ರಿಗೆ 1 ಪರ್ಸೆಂಟ್. ಬೇಕಾದರೆ ಸ್ಕ್ರೀನ್‌ಶಾಟ್ ಹಾಕುತ್ತೇನೆ.