ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ ಅಡ್ಮಿರಲ್, ಅಂಚು ಕತ್ತರಿಸಬಹುದಾ?

ಅಡಿಕೆತೋಟ: ಬದಿಯಡ್ಕದ ಹತ್ತಿರ ನಮ್ಮ ಹಳೇ ಮನೆ. ಅಟ್ಟ ಗುಡಿಸುವಾಗ ಅಜ್ಜನ ಟ್ರಂಕಿನಲ್ಲಿ ಒಂದು ಚಿತ್ರ ಸಿಕ್ಕಿತು. ನೋಟ್‌ಬುಕ್ಕಿನ ಹಾಳೆಯಷ್ಟು ಕಾಗದ, ನೌಕಾಪಡೆಯ ಕೋಟು ಹಾಕಿದ ಅಧಿಕಾರಿ, ಕೆಳಗೆ ಇಂಗ್ಲಿಷಿನಲ್ಲಿ ಸರ್ ಎಡ್ವರ್ಡ್ ಹ್ಯೂಸ್ ಅಂತ ಹೆಸರು, ಅದರ ಹತ್ತಿರ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ. ಹುಡುಕಿದರೆ ಗ್ರೀನಿಚ್‌ನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಂನಲ್ಲಿ ಇದೇ ಮನುಷ್ಯನ ತೈಲಚಿತ್ರ ಉಂಟು, ಜೋಶುವಾ ರೆನಾಲ್ಡ್ಸ್ ಬರೆದದ್ದು. ನನ್ನದು ನಿಜವಾಗಿ ಹಳೇ ಅಚ್ಚಾ, ಸುಮ್ನೆ ಈಚಿನ ಪ್ರಿಂಟಾ? ಕಂದು ಅಂಚು ಕತ್ತರಿಸಿದರೆ ಚಂದ ಕಾಣುತ್ತದೆ ಅಂತ ಫ್ರೇಮಿನವರು ಹೇಳುತ್ತಾರೆ. ನಾಳೆ ಕೊಡಬೇಕು.

ಮಸಿಕೈ: ಕೊಡಬೇಡಿ ಮಾರಾಯ್ರೆ! ನನ್ನ ಒಂದು ಹಳೇ ನಕ್ಷೆಯ ಅಂಚನ್ನು ಒಬ್ಬರು ಹೀಗೇ ಕತ್ತರಿಸಿ, ಇಸವಿ ಇದ್ದ ಸಾಲೇ ಕಸದ ಬುಟ್ಟಿಗೆ ಹೋಯಿತು. ಮೊದಲು ಭೂತಗನ್ನಡಿ ಹಿಡಿದು ಮೂಗಿನ ಪಕ್ಕದ ನೆರಳು ನೋಡಿ. ಚುಕ್ಕಿಗಳು ಜಾಲರಿಯ ಹಾಗೆ ಸಾಲಾಗಿ ಕಂಡರೆ ಈಚಿನದು. ತಾಮ್ರದ ತಗಡಿನದಾದರೆ ಕಥೆ ಬೇರೆ: ಕೊರೆದ ಗೆರೆಗೆ ಮಸಿ ತುಂಬಿ, ಮೇಲಿನದು ಒರೆಸಿ, ಒದ್ದೆ ಕಾಗದ ಇಟ್ಟು ಜೋರಾಗಿ ಒತ್ತುತ್ತಿದ್ದರು, ಹಾಗಾಗಿ ಮಸಿ ಕಾಗದದ ಮೇಲೆ ಸ್ವಲ್ಪ ಉಬ್ಬಿರುತ್ತದೆ, ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಇರುತ್ತದೆ. ಪುಸ್ತಕದಿಂದ ಕಿತ್ತದ್ದಾದರೆ ಆ ತಗ್ಗು ಮೊದಲೇ ಕತ್ತರಿಸಿ ಹೋಗಿರಲೂಬಹುದು. ಸಣ್ಣ ಅಕ್ಷರ ಓದಿ: ಎಡಗಡೆ ಪಿನ್ಕ್ಸ್‌ಟ್ ಅಂದರೆ ಚಿತ್ರ ಬರೆದವನು, ಬಲಗಡೆ ಸ್ಕಲ್ಪ್‌ಟ್ ಅಂದರೆ ಕೊರೆದವನು.

ಕುಂಬಳೆ ಕಡಲು: ಅಚ್ಚಿನ ವಿಷಯ ನನಗೆ ತಿಳಿಯದು, ಆದರೆ ಬ್ರಿಟಿಷ್ ನೌಕಾಪಡೆಯ ಈ ಹ್ಯೂಸ್ ನಮ್ಮ ಕರಾವಳಿಗೆ ಬಂದವನೇ. 1780ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಹೈದರಾಲಿಯ ಹಡಗುಗಳನ್ನು ಹಾಳು ಮಾಡಿದವನು. ಆಮೇಲೆ 1782-83ರಲ್ಲಿ ಪೂರ್ವದ ಕಡೆಯ ಸಮುದ್ರದಲ್ಲಿ ಫ್ರೆಂಚರ ನೌಕಾನಾಯಕ ಸಫ್ರೆನ್ ಜೊತೆ ಐದು ಸಲ ಕಾದಾಡಿದ, ಇಬ್ಬರೂ ಒಬ್ಬರನ್ನೊಬ್ಬರು ಮುಗಿಸಲಿಲ್ಲ. ಮಂಗಳೂರಿಗೆ ಬೆಂಕಿ ತಂದವನು ಬದಿಯಡ್ಕದ ಅಟ್ಟದಲ್ಲಿ ಮಲಗಿದ್ದ, ಅಲ್ವಾ!

ಅಡಿಕೆತೋಟ: ನೋಡಿದೆ. ಜಾಲರಿ ಇಲ್ಲ. ಕೆನ್ನೆಯ ಮೇಲೆ ಕೂದಲಿನಷ್ಟು ತೆಳ್ಳಗಿನ ಗೆರೆಗಳು, ಗಲ್ಲದ ಕೆಳಗೆ ಒಂದರ ಮೇಲೊಂದು ಅಡ್ಡ ಹಾಯ್ದಿವೆ. ಎಡಗಡೆ ರೆನಾಲ್ಡ್ಸ್ ಹೆಸರು ಉಂಟು. ಬಲಗಡೆ ಕೊರೆದವನ ಹೆಸರನ್ನು ಹುಳ ತಿಂದು ಹಾಕಿದೆ! ಎಡ ಅಂಚಿನಲ್ಲಿ ಹೊಲಿಗೆಯ ಮೂರು ತೂತು.

ಮಸಿಕೈ: ಹಾಗಾದರೆ ಪುಸ್ತಕದಿಂದಲೋ ಪತ್ರಿಕೆಯಿಂದಲೋ ಬಂದದ್ದು. ಆಗ ಇಂಥ ಮುಖಚಿತ್ರ ಹಾಕುವ ಪತ್ರಿಕೆಗಳಿದ್ದವು, ನೇವಲ್ ಕ್ರಾನಿಕಲ್ 1799ರಿಂದ 1818ರವರೆಗೆ ಬರುತ್ತಿತ್ತು. ದುಡ್ಡು ಜಾಸ್ತಿ ಬರುತ್ತದೆ ಅಂತ ಆಸೆ ಬೇಡ. ಸೆಲ್ಲೋಟೇಪ್ ಹಚ್ಚಬೇಡಿ, ಗಾಜು ಚಿತ್ರಕ್ಕೆ ತಾಗದ ಹಾಗೆ ಮಧ್ಯೆ ದಪ್ಪ ರಟ್ಟು ಕೊಡಿಸಿ. ಮಳೆಗಾಲದಲ್ಲಿ ನೀರು ಜಿನುಗುವ ಗೋಡೆಗಂತೂ ತೂಗುಹಾಕಬೇಡಿ.

ಅಡಿಕೆತೋಟ: ನಮ್ಮಲ್ಲಿ ಜಿನುಗದ ಗೋಡೆ ಒಂದೇ, ಅಲ್ಲಿ ಅಜ್ಜನ ಫೋಟೋ ಉಂಟು. ಪಕ್ಕದಲ್ಲೇ ಹಾಕುತ್ತೇನೆ.